ಬಾಗಿಲ ಸಂದಿಯಲ್ಲಿ ನಿಂತವರು

ಮೂವತ್ತು ವರ್ಷ ದುಡಿದವನನ್ನು ಕೆಲಸದಿಂದ ತೆಗೆಯುತ್ತಾರೆ. ಅವನು ಮೇಲಧಿಕಾರಿಯ ಕಾಲು ಹಿಡಿದು ನೆಲದ ಮೇಲೆ ತೆವಳುತ್ತಾನೆ. ಸಹೋದ್ಯೋಗಿಗಳು ಬಾಗಿಲ ಸಂದಿಯಿಂದ ನೋಡುತ್ತಾರೆ. ಸ್ವೀಡನ್ನಿನ ರಾಯ್ ಆಂಡರ್ಸನ್ ನಿರ್ದೇಶಿಸಿದ ‘ಸಾಂಗ್ಸ್ ಫ್ರಂ ದಿ ಸೆಕೆಂಡ್ ಫ್ಲೋರ್’ (2000) ಚಿತ್ರದ ದೃಶ್ಯವಿದು. ಕ್ಯಾಮೆರಾ ದೂರದಲ್ಲಿ ಅಲುಗಾಡದೆ ನಿಂತಿರುತ್ತದೆ. ನಮಗೆ ನಗು ಬರುತ್ತದೆ. ಮರುಕ್ಷಣವೇ ಆ ಸಂದಿಯಲ್ಲಿ ನಿಂತವರು ನಾವೇ ಎಂದು ಹೊಳೆಯುತ್ತದೆ.

ಕನ್ನಡದಲ್ಲಿ ಇದಕ್ಕೆ ಹತ್ತಿರವಾದದ್ದು ರಾಮ್ ರೆಡ್ಡಿಯವರ ‘ತಿಥಿ’ (2015). ಮಂಡ್ಯ ಸೀಮೆಯ ಹಳ್ಳಿಯಲ್ಲಿ ಜಮೀನು ಮಾರಲು ಹೊರಟ ತಮ್ಮಣ್ಣ, ಬದುಕಿರುವ ತಂದೆ ಗಡ್ಡಪ್ಪನಿಗೇ ದುಡ್ಡು ಕೊಟ್ಟು ಮರಣಪತ್ರ ಮಾಡಿಸುತ್ತಾನೆ. ಇಲ್ಲೂ ನಗು ಚುಚ್ಚುತ್ತದೆ. ಆದರೆ ಗಡ್ಡಪ್ಪನಿಗೆ ಅಲೆಯಲು ಬಯಲಿದೆ, ಕುರಿಗಾಹಿಗಳ ಜೊತೆಯಿದೆ. ಆಂಡರ್ಸನ್ನರ ಜನರಿಗೆ ಅದೂ ಇಲ್ಲ.

ಭದ್ರಾವತಿಯ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕೆಲಸ ಕಳೆದುಕೊಂಡ ಮನೆಗಳು ಶಿವಮೊಗ್ಗ, ಭದ್ರಾವತಿಯ ನಮಗೆ ಹೊಸತಲ್ಲ. ಇಂಥ ಕತೆ ನಮ್ಮ ತೆರೆಗೆ ಬಂದರೆ ನಾಯಕನ ಭಾಷಣ, ತಾಯಿಯ ಕಣ್ಣೀರು ಸೇರಿಕೊಳ್ಳುತ್ತವೆ. ಅತ್ತು ಹಗುರಾಗಿ ನಾವು ಮನೆಗೆ ಹೋಗುತ್ತೇವೆ. ಆಂಡರ್ಸನ್ ಅಳಲು ಬಿಡುವುದಿಲ್ಲ. ಅದಕ್ಕೇ, ಬಾಗಿಲು ತೆರೆದು ಹೊರಬಂದು ಬಿದ್ದವನನ್ನು ಎಬ್ಬಿಸುವ ನೆರೆಯವರು ಯಾರು ಎಂಬ ಪ್ರಶ್ನೆ ಚಿತ್ರ ಮುಗಿದ ಮೇಲೂ ನಮ್ಮ ಜೊತೆ ಬರುತ್ತದೆ.