ಮೇಪಲ್ ರಸದ ಸಣ್ಣ ಕೊಳವೆ: ಎಳೆತ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೋರುತ್ತದೆ

ಬಾವಿಯ ದಂಡೆಯ ಮೇಲೆ ಪಂಪು ಕೂರಿಸಿ ನೀರೆತ್ತಿದವರಿಗೆ ಎರಡು ಸಂಗತಿ ಚೆನ್ನಾಗಿ ಗೊತ್ತು. ನೀರು 25 ಅಡಿಗಿಂತ ಕೆಳಗಿಳಿದರೆ ಪಂಪು ತಿಣುಕುತ್ತದೆ. ಸಕ್ಷನ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಗಾಳಿ ಎಳೆಯುತ್ತದೆ, ನೀರು ಬರುವುದಿಲ್ಲ. ಅಮೆರಿಕದ ವರ್ಮಾಂಟ್, ಕೆನಡಾದ ಕ್ಯುಬೆಕ್‌ಗಳಲ್ಲಿ ಮೇಪಲ್ ಮರದ ರಸ ಇಳಿಸುವ ಸಣ್ಣ ಬೆಳೆಗಾರರ ಕೊಳವೆ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳಲು ಇಷ್ಟು ತಿಳಿವಳಿಕೆ ಸಾಕು.

ಚಳಿಗಾಲ ಮುಗಿಯುವ ಹೊತ್ತಿಗೆ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ ಮೇಪಲ್ ರಸ ಹರಿಯುತ್ತದೆ. ಅದರಲ್ಲಿ ಸಕ್ಕರೆ ಶೇ. 2ರಷ್ಟು ಮಾತ್ರ. ಒಂದು ಲೀಟರ್ ಪಾಕಕ್ಕೆ 40 ಲೀಟರಿನಷ್ಟು ರಸ ಕುದಿಸಿ ಬತ್ತಿಸಬೇಕು. ಹಾಗಾಗಿ ಮರ ಕೊಡುವ ಪ್ರತಿ ಲೀಟರಿಗೂ ಬೆಲೆಯಿದೆ. ಹಿಂದೆ ಮರಕ್ಕೆ ಬಕೆಟ್ ತೂಗುಹಾಕುತ್ತಿದ್ದರು. ಪ್ಲಾಸ್ಟಿಕ್ ಕೊಳವೆ ಬಂದ ಮೇಲೆ ಅದಕ್ಕೆ ನಿರ್ವಾತ ಜೋಡಿಸುವುದು ಸಾಧ್ಯವಾಯಿತು. ನಿರ್ವಾತ ಒಂದು ಅಂಗುಲ ಪಾದರಸದಷ್ಟು ಏರಿದರೆ ರಸ ಶೇ. 5ರಿಂದ 7ರಷ್ಟು ಹೆಚ್ಚುತ್ತದೆ ಎಂಬುದು ಅಲ್ಲಿಯ ಬೆಳೆಗಾರರು ನೆಚ್ಚಿಕೊಂಡ ಲೆಕ್ಕ. ಸಾವಿರಾರು ಮರಗಳ ಒಡೆಯನಿಗೆ ದೊಡ್ಡ ಪಂಪಿನ ಖರ್ಚು ಹುಟ್ಟುತ್ತದೆ. ಐವತ್ತೋ ನೂರೋ ಮರ ಇಟ್ಟುಕೊಂಡವನಿಗೆ ಹುಟ್ಟುವುದಿಲ್ಲ.

ಇವರಿಗಾಗಿಯೇ ಬಂದದ್ದು 3/16 ಅಂಗುಲದ ಕೊಳವೆ. ವರ್ಮಾಂಟ್ ವಿಶ್ವವಿದ್ಯಾಲಯದ ಟಿಮ್ ವಿಲ್ಮಟ್ ಇದನ್ನು ಪರೀಕ್ಷಿಸಿ ಸಣ್ಣ ಬೆಳೆಗಾರರಿಗೆ ಪರಿಚಯಿಸಿದರು. ಎಲ್ಲರೂ ಬಳಸುತ್ತಿದ್ದ 5/16 ಅಂಗುಲದ ಕೊಳವೆಯಲ್ಲಿ ರಸ ತಳದಲ್ಲಿ ಹರಿದರೆ ಅದರ ಮೇಲೆ ಗಾಳಿ ಓಡಾಡುತ್ತಿರುತ್ತದೆ. ಕೊಳವೆ ಕಿರಿದಾದಾಗ ರಸ ಗಾಳಿಗೆ ದಾರಿ ಬಿಡದೆ ಒಳಗನ್ನೆಲ್ಲ ತುಂಬಿಕೊಳ್ಳುತ್ತದೆ. ಇಳಿಜಾರಿನಲ್ಲಿ ಜಾರುವ ಆ ದ್ರವದ ಕಂಬದ ಭಾರವೇ ಮೇಲಿನ ಮರವನ್ನು ಎಳೆಯುತ್ತದೆ. ಒಂದು ಅಡಿ ಇಳಿತಕ್ಕೆ ಸುಮಾರು 0.88 ಅಂಗುಲ ಪಾದರಸ. 30 ಅಡಿ ಇಳಿತವಿದ್ದರೆ 26 ಅಂಗುಲದ ಹತ್ತಿರ. ವಿದ್ಯುತ್ ಬೇಡ, ಎಂಜಿನ್ ಬೇಡ, ಗುಡ್ಡವೇ ಪಂಪು. ಬಾವಿಯ ಪಂಪನ್ನು ಸೋಲಿಸುವ ನಿಯಮವೇ ಇಲ್ಲಿ ಬಡವನ ಕೈಹಿಡಿಯುತ್ತದೆ. ಸಣ್ಣ ರೈತನ ಪರವಾಗಿ ಯೋಚಿಸಿದ ತಂತ್ರಗಳಲ್ಲಿ ಇಷ್ಟು ಸರಳವಾದದ್ದು ಅಪರೂಪ ಎಂದು ನನಗೆ ಅನ್ನಿಸುತ್ತದೆ.

ಆದರೆ ಇದನ್ನು ಬಳಸುವ ರೀತಿಯಲ್ಲಿ ದೋಷಗಳಿವೆ. ಮೊದಲನೆಯದು ಮರಗಳ ಆಯ್ಕೆ. ಎಳೆತ ಹುಟ್ಟುವುದು ಆಯಾ ಮರದ ಕೆಳಗಿರುವ ಇಳಿತದಿಂದ. ಹಾಗಾಗಿ ಸಾಲಿನ ಕೆಳತುದಿಯಲ್ಲಿ, ರಸ ಸೇರುವ ತೊಟ್ಟಿಗಿಂತ ಎರಡಡಿ ಮೇಲೆ ನಿಂತ ಮರಕ್ಕೆ ಹೆಚ್ಚೇನೂ ದಕ್ಕುವುದಿಲ್ಲ. ಗುಡ್ಡದ ಮೇಲ್ಭಾಗದ ಮರಗಳನ್ನು ಜೋಡಿಸಿ, ಅವುಗಳ ಕೆಳಗೆ ಮರವಿಲ್ಲದ ಕಡಿದಾದ ಓಟ ಬಿಡಬೇಕು. ಆಸೆಗೆ ಬಿದ್ದು ಇಳಿಜಾರಿನುದ್ದಕ್ಕೂ ಕಂಡಕಂಡ ಮರಕ್ಕೆ ತೂತು ಕೊರೆದರೆ ನಿರ್ವಾತದ ಗೇಜು ಮೇಲೆ 25 ಅಂಗುಲ ತೋರಿಸುತ್ತದೆ, ತೊಟ್ಟಿಯ ಹತ್ತಿರದ ಮರಗಳು ಬಹುಪಾಲು ಬಕೆಟ್ ಕಾಲದಲ್ಲೇ ಉಳಿದಿರುತ್ತವೆ.

ಎರಡನೆಯದು ಸೋರಿಕೆ. ಇಲ್ಲಿ ಅಳಿಲು ದೊಡ್ಡ ಶತ್ರು. ಅದರ ಹಲ್ಲಿನ ಗುರುತು ಕಣ್ಣಿಗೆ ಬೀಳದಷ್ಟು ಸಣ್ಣದಿರಬಹುದು, ಆದರೆ ಅಲ್ಲಿಂದ ನುಗ್ಗಿದ ಗಾಳಿ ದ್ರವದ ಕಂಬವನ್ನು ತುಂಡು ತುಂಡು ಮಾಡುತ್ತದೆ. ನೋಡಬೇಕಾದ್ದು ಗುಳ್ಳೆಗಳನ್ನು. ಮರದಿಂದಲೂ ಒಂದಿಷ್ಟು ಅನಿಲ ಬರುವುದು ಸಹಜ. ಆದರೆ ಒಂದು ಸಾಲಿನಲ್ಲಿ ಮಾತ್ರ ಗುಳ್ಳೆಗಳು ಸಾಲುಗಟ್ಟಿ ಓಡುತ್ತಿದ್ದರೆ ಮೇಲೆಲ್ಲೋ ಬಿರುಕಿದೆ. ಕೊಳವೆಯನ್ನು ಹಿಡಿದು, ಗುಳ್ಳೆ ಎಲ್ಲಿಂದ ಶುರುವಾಗುತ್ತದೆಂದು ನೋಡುತ್ತ ಹಿಮದಲ್ಲಿ ಗುಡ್ಡ ಹತ್ತಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ವಾರಕ್ಕೆರಡು ಸಲ ಹೀಗೆ ನಡೆಯುವ ಬೆಳೆಗಾರ, ಹೊಸ ಪಂಪು ಕೊಂಡು ಮನೆಯಲ್ಲಿ ಕೂತವನಿಗಿಂತ ಹೆಚ್ಚು ರಸ ತರುತ್ತಾನೆ.

ಮೂರನೆಯದೇ ಗಂಭೀರ. ಪ್ರಚಾರದ ಭರದಲ್ಲಿ ಇದನ್ನು ಸಾಕಷ್ಟು ಒತ್ತಿ ಹೇಳಲಿಲ್ಲ ಎಂಬುದು ನನ್ನ ಆಕ್ಷೇಪ. ಮೊದಲ ವರ್ಷ ಸೊಗಸಾಗಿ ಎಳೆದ ಸಣ್ಣ ಕೊಳವೆ ಎರಡನೆಯ, ಮೂರನೆಯ ವರ್ಷಕ್ಕೆ ಮಂಕಾಗುತ್ತದೆ. ರಸದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಟೀ ಜೋಡಣೆಗಳ ಕಿರುಗಂಡಿಯಲ್ಲಿ ಲೋಳೆ ಕಟ್ಟುತ್ತವೆ. ದೊಡ್ಡ ಕೊಳವೆಯಲ್ಲಿ ಅಷ್ಟು ಲೋಳೆ ಲೆಕ್ಕಕ್ಕಿಲ್ಲ, ಇಲ್ಲಿ ಅದು ದಾರಿಯನ್ನೇ ಮುಚ್ಚುತ್ತದೆ. ಹಂಗಾಮು ಮುಗಿದ ಕೂಡಲೇ ಕ್ಲೋರಿನ್ ದ್ರಾವಣ ಹಾಯಿಸಿ ತೊಳೆಯಲೇಬೇಕು. ಅದರಲ್ಲೂ ಒಂದು ಸೂಕ್ಷ್ಮವಿದೆ: ಸಾಮಾನ್ಯ ಬ್ಲೀಚಿನ ಸೋಡಿಯಂ ಉಪ್ಪಿನ ರುಚಿಗೆ ಅಳಿಲುಗಳು ಕೊಳವೆ ಕಡಿಯಲು ಬರುತ್ತವೆ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಬಳಸುವವರು ಹೆಚ್ಚುತ್ತಿರುವುದು ಇದಕ್ಕೇ. ಮರಕ್ಕೆ ಚುಚ್ಚುವ ನಳಿಕೆಯನ್ನಂತೂ ಪ್ರತಿ ವರ್ಷ ಹೊಸದಾಗಿ ಹಾಕಬೇಕು. ಹೆಪ್ಪುಗಟ್ಟುವ ಹೊತ್ತಿನಲ್ಲಿ ಮರ ರಸವನ್ನು ವಾಪಸು ಹೀರಿಕೊಳ್ಳುತ್ತದೆ. ಹಳೆಯ ನಳಿಕೆಯ ಕೊಳೆ ಆಗ ಒಳಗೆ ಹೋಗಿ ತೂತು ಬೇಗ ಮುಚ್ಚಿಕೊಳ್ಳುತ್ತದೆ. ವರ್ಮಾಂಟ್‌ನ ಪ್ರಾಕ್ಟರ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಗೋಲಿ ನಳಿಕೆ ಈ ಹಿಮ್ಮುಖ ಹರಿವನ್ನೇ ತಡೆಯುತ್ತದೆ. ಬಾವಿಯ ಫುಟ್‌ವಾಲ್ವಿನ ಕೆಲಸವೇ ಇದರದ್ದು.

ಸಮತಟ್ಟು ಜಾಗದವರಿಗೆ 12 ವೋಲ್ಟಿನ ಸಣ್ಣ ಡಯಾಫ್ರಮ್ ಪಂಪು ಒಳ್ಳೆಯ ದಾರಿ. ಒಣಗಿ ಓಡಿದರೆ ಅದರ ರಬ್ಬರ್ ಬೇಗ ಸವೆಯುತ್ತದೆ, ಎಳೆತವೂ ಇಳಿಯುತ್ತದೆ. ಹೊರಬಂದ ರಸದಲ್ಲಿ ಸ್ವಲ್ಪವನ್ನು ಮತ್ತೆ ಪಂಪಿನ ಬಾಯಿಗೆ ಬಿಟ್ಟು ಸದಾ ತೇವವಾಗಿಡುವ ಉಪಾಯವನ್ನು ಬೆಳೆಗಾರರು ಕಂಡುಕೊಂಡಿದ್ದಾರೆ. ಇದು ಪ್ರಯೋಗಾಲಯದ್ದಲ್ಲದ, ತೋಟದಲ್ಲಿ ಹುಟ್ಟಿದ ಜಾಣ್ಮೆ.

ನಿರ್ವಾತ ಮರವನ್ನು ಹಿಂಡಿ ಕೊಲ್ಲುತ್ತದೆಂಬ ಭಯ ಬೇಡ. ಎಳೆತದಿಂದ ಮರದೊಳಗಿನ ಗಾಯ ದೊಡ್ಡದಾಗುವುದಿಲ್ಲ ಎಂದು ಪ್ರಾಕ್ಟರ್ ಕೇಂದ್ರದ ಪರೀಕ್ಷೆಗಳು ತೋರಿಸಿವೆ. ಮರ ಬಡವಾಗುವುದು ಎಳೆಯ ಕಾಂಡಕ್ಕೆ ಅವಸರದಲ್ಲಿ ತೂತು ಕೊರೆದಾಗ.

ಒಟ್ಟಿನಲ್ಲಿ, 20-30 ಅಡಿ ಇಳಿತವಿದ್ದು ವರ್ಷಾ ವರ್ಷ ತೊಳೆಯಲು ಮನಸ್ಸಿರುವವರಿಗೆ 3/16 ಕೊಳವೆಗಿಂತ ಒಳ್ಳೆಯದಿಲ್ಲ. ತೊಳೆಯಲಾರದವರು 5/16ರಲ್ಲೇ ಇರುವುದು ವಾಸಿ. ಯಾವುದನ್ನೇ ಹಾಕಿ, ಪಂಪಿಗೆ ದುಡ್ಡು ಹಾಕುವ ಮೊದಲು ಒಂದು ಅಗ್ಗದ ಗೇಜು ಕೊಳ್ಳಿ. ಅದನ್ನು ತೊಟ್ಟಿಯ ಬಳಿ ಅಲ್ಲ, ಸಾಲಿನ ಮೇಲ್ತುದಿಯ ಕಟ್ಟಕಡೆಯ ಮರದಾಚೆ ಕೂರಿಸಿ.