ವಿದ್ವಜ್ಜನರ ಆರೋಗ್ಯವೃತ್ತಿ: ಶಾಸನವಾಕ್ಯಗಳ ವಿಮರ್ಶೆ

ವ್ಯಾಸಂಗವನ್ನು ಮುಗಿಸಿಯೂ ವಿದ್ಯಾಸ್ಥಾನವನ್ನು ಬಿಡದೆ, ಅಧ್ಯಾಪಕಪದವಿಯನ್ನು ಇನ್ನೂ ಪಡೆಯದೆ, ನಡುವಣ ಕೆಲವು ವರ್ಷಗಳನ್ನು ಸಂಶೋಧನೆಯಲ್ಲಿಯೇ ಕಳೆಯುವ ವಿದ್ವಾಂಸವರ್ಗವೊಂದು ಇಂದಿನ ವಿಶ್ವವಿದ್ಯಾನಿಲಯಗಳಲ್ಲಿ ಉಂಟು. ಡಾಕ್ಟರೇಟ್ ಪದವಿಯ ತರುವಾಯದ ಸಂಶೋಧಕರೆಂದೂ ರಿಸರ್ಚ್ ಅಸೋಸಿಯೇಟರೆಂದೂ ಇವರಿಗೆ ಹೆಸರು. ಇವರು ವಿದ್ಯಾರ್ಥಿಗಳೂ ಅಲ್ಲ, ಪೂರ್ಣಾರ್ಥದಲ್ಲಿ ನೌಕರರೂ ಅಲ್ಲ. ಇಂಥವನೊಬ್ಬನು ರೋಗದಲ್ಲಿ ಬಿದ್ದರೆ ಚಿಕಿತ್ಸೆಯ ಭಾರವು ಯಾರದು ಎಂಬ ಪ್ರಶ್ನೆ ಹುಟ್ಟಿದಾಗಲೆಲ್ಲ, ಪ್ರಾಚೀನ ವಿದ್ಯಾಸ್ಥಾನಗಳಲ್ಲಿ ಇದಕ್ಕೆಲ್ಲ ಏರ್ಪಾಡಿದ್ದಿತೆಂದು ಹೇಳಿ ಸಮಾಧಾನಪಡುವುದು ವಾಡಿಕೆಯಾಗಿದೆ. ಈ ಮಾತಿನಲ್ಲಿ ದಿಟವೆಷ್ಟು, ಹೊಗಳಿಕೆಯೆಷ್ಟು ಎಂಬುದನ್ನು ಶಾಸನವಾಕ್ಯಗಳಿಂದಲೇ ಪರೀಕ್ಷಿಸುವುದು ಉಚಿತ.

ಪರೀಕ್ಷೆಗೆ ಎರಡು ಒರೆಗಲ್ಲುಗಳು ಸಾಕು. ಒಂದು, ಮೀಮಾಂಸಕರು ಮಾಡುವ ವಿಧಿ ಮತ್ತು ಅರ್ಥವಾದಗಳ ವಿಭಾಗ. ಇಂಥದನ್ನು ಮಾಡತಕ್ಕದ್ದೆಂದು ಕಟ್ಟುಮಾಡುವ ವಾಕ್ಯವು ವಿಧಿ. ಅದರ ಪ್ರಶಂಸೆಯು ಅರ್ಥವಾದ. ಎರಡನೆಯದು, ಚರಕಸಂಹಿತೆಯ ಸೂತ್ರಸ್ಥಾನದ ೯ನೆಯ ಅಧ್ಯಾಯದಲ್ಲಿ ಹೇಳಿರುವ ಚಿಕಿತ್ಸೆಯ ನಾಲ್ಕು ಪಾದಗಳು: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಈ ನಾಲ್ಕರಲ್ಲಿ ಒಂದು ಕುಂಟಿದರೂ ಚಿಕಿತ್ಸೆಯು ನಿಲ್ಲಲಾರದು. ಆದುದರಿಂದ ಆರೋಗ್ಯವನ್ನು ಕುರಿತ ಯಾವ ಶಾಸನವೇ ಆಗಲಿ, ನಾಲ್ಕು ಪಾದಗಳಿಗೂ ವಿಧಿರೂಪವಾದ ಏರ್ಪಾಡನ್ನು ಹೇಳುತ್ತದೆಯೇ ಎಂದು ನೋಡಬೇಕು.

೧. ಬಳ್ಳಿಗಾವೆಯ ಕೋಡಿಯ ಮಠ

ಕನ್ನಡನಾಡಿನ ವಿದ್ಯಾಸ್ಥಾನಗಳ ಮಾತು ಬಂದಾಗ ಮೊದಲು ನೆನಪಿಗೆ ಬರುವುದು ಬಳ್ಳಿಗಾವೆಯ ಕೋಡಿಯ ಮಠದ ಕ್ರಿ. ಶ. ೧೧೬೨ರ ಶಾಸನ. ನಾಲ್ಕು ವೇದಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳು, ಲಾಕುಳಸಿದ್ಧಾಂತ, ಅಷ್ಟಾದಶಪುರಾಣಗಳು, ಕಾವ್ಯನಾಟಕಗಳು ಇವೆಲ್ಲವೂ ಅಲ್ಲಿ ನಡೆಯುತ್ತಿದ್ದುವೆಂದು ಶಾಸನವು ಹೇಳಿ, ಅದೇ ಉಸಿರಿನಲ್ಲಿ ದೀನರಿಗೂ ಅನಾಥರಿಗೂ ಅಂಗಹೀನರಿಗೂ ಅನ್ನವಿಕ್ಕುವ ಸ್ಥಾನವದು, ರೋಗಿಗಳ ನಾನಾರೋಗಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವದು, ಸಕಲಪ್ರಾಣಿಗಳಿಗೂ ಅಭಯಸ್ಥಾನವದು ಎಂದು ಎಣಿಸುತ್ತದೆ. ವಿದ್ಯೆಯನ್ನೂ ಆರೋಗ್ಯವನ್ನೂ ಒಂದೇ ಸೂರಿನ ಕೆಳಗೆ ತಂದ ಈ ಭಾವನೆಯು ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ವಾಕ್ಯದ ಗಾಂಭೀರ್ಯವೂ ಮೆಚ್ಚತಕ್ಕದ್ದೇ.

ಆದರೆ ಆ ಎಣಿಕೆಯ ಸ್ವರೂಪವನ್ನು ಗಮನಿಸಬೇಕು. ಅದು ಸ್ಥಾನವರ್ಣನೆ. ವೈದ್ಯರೆಷ್ಟು ಮಂದಿ, ಅವರ ಜೀವಿತವೆಷ್ಟು, ಔಷಧಗಳಾವುವು ಎಂಬ ವಿವರವು ಆ ಎಣಿಕೆಯೊಳಗಿಲ್ಲ. ರೋಗಿ ಎಂಬ ಒಂದು ಪಾದವು ಸ್ಪಷ್ಟ. ಮಿಕ್ಕ ಮೂರು ಪಾದಗಳು ಚಿಕಿತ್ಸೆ ಎಂಬ ಒಂದೇ ಪದದಲ್ಲಿ ಅಡಗಿವೆ. ಇದರಿಂದ ಚಿಕಿತ್ಸೆಯು ನಡೆಯುತ್ತಿರಲಿಲ್ಲವೆಂದು ಹೇಳಕೂಡದು. ಹಾಗೆ ಹೇಳುವುದು ಸಾಹಸವಾದೀತು. ಆದರೆ ಇದನ್ನೇ ಪ್ರಮಾಣವಾಗಿಟ್ಟುಕೊಂಡು ಏರ್ಪಾಡು ಪೂರ್ಣವಾಗಿದ್ದಿತೆಂದು ಸಾಧಿಸುವುದೂ ಅಷ್ಟೇ ಸಾಹಸ. ಈ ವಾಕ್ಯವು ಅರ್ಥವಾದದ ಕಡೆಗೆ ವಾಲುತ್ತದೆ.

೨. ತಿರುಮುಕ್ಕೂಡಲಿನ ಶಾಸನ

ಇದಕ್ಕೆ ಪ್ರತಿಯಾಗಿ ತಮಿಳುನಾಡಿನ ಕಾಂಚೀಪುರದ ಸೀಮೆಯಲ್ಲಿ, ಪಾಲಾರ್ ನದಿಯ ಸಂಗಮದಲ್ಲಿರುವ ತಿರುಮುಕ್ಕೂಡಲಿನ ದೇವಾಲಯದ ಶಾಸನವನ್ನು ನೋಡಬಹುದು. ಚೋಳ ವೀರರಾಜೇಂದ್ರನ ಕಾಲದ, ಕ್ರಿ. ಶ. ೧೦೬೮ರ ಸುಮಾರಿನ ಈ ಬರಹದಲ್ಲಿ ವೇದಪಾಠಶಾಲೆ, ವಿದ್ಯಾರ್ಥಿನಿಲಯ, ಆತುರಶಾಲೆ ಈ ಮೂರಕ್ಕೂ ವೆಚ್ಚವನ್ನು ಗೊತ್ತುಮಾಡಿದೆ. ಆತುರಶಾಲೆಗೆ ವೀರಚೋಳನ್ ಎಂದು ಹೆಸರು. ಅದರಲ್ಲಿ ೧೫ ಹಾಸಿಗೆಗಳು. ಒಬ್ಬ ವೈದ್ಯ, ಶಸ್ತ್ರಕ್ರಿಯೆಗೆ ಇನ್ನೊಬ್ಬ, ಮೂಲಿಕೆಗಳನ್ನೂ ಸೌದೆಯನ್ನೂ ತಂದು ಔಷಧವನ್ನು ಅಣಿಮಾಡುವವರು ಇಬ್ಬರು, ರೋಗಿಗಳಿಗೆ ಪರಿಚರ್ಯೆ ಮಾಡುವ ಹೆಂಗಸರು ಇಬ್ಬರು, ಒಬ್ಬ ನಾಯಿಂದ, ನೀರು ತರುವವನೊಬ್ಬ. ರೋಗಿಯೊಬ್ಬನಿಗೆ ದಿನಕ್ಕೆ ಒಂದು ನಾಳಿ ಅಕ್ಕಿ. ರಾತ್ರಿ ಉರಿಯುವುದಕ್ಕೆ ದೀಪ. ವೈದ್ಯನಾದ ಅಶ್ವತ್ಥಾಮಭಟ್ಟನಿಗೆ ವರ್ಷಕ್ಕೆ ೯೦ ಕಲ ಭತ್ತ, ೮ ಕಾಸು.

ಔಷಧಗಳ ಪಟ್ಟಿಯಂತೂ ಇಪ್ಪತ್ತರಷ್ಟು ಉದ್ದವಾಗಿದೆ. ವಾಸಾಹರೀತಕಿ, ಗೋಮೂತ್ರಹರೀತಕಿ, ದಶಮೂಲಹರೀತಕಿ, ಬಿಲ್ವಾದಿಘೃತ, ಕಲ್ಯಾಣಲವಣ, ಪುರಾಣಘೃತ ಮೊದಲಾದ ಹೆಸರುಗಳು ಅದರಲ್ಲಿವೆ. ಇವುಗಳಲ್ಲಿ ಪುರಾಣಘೃತವೊಂದನ್ನೇ ವಿಚಾರಿಸಿದರೂ ಶಾಸನಕಾರರ ದೃಷ್ಟಿಯು ತಿಳಿಯುತ್ತದೆ. ಅದು ವರ್ಷಗಟ್ಟಲೆ ಇಟ್ಟು ಹಳತಾಗಿಸಿದ ತುಪ್ಪ. ರೋಗ ಬಂದ ದಿವಸ ಕಾಯಿಸಿಕೊಳ್ಳುವ ವಸ್ತುವಲ್ಲ. ರೋಗವು ಬರುವುದಕ್ಕೆ ಮುಂಚೆಯೇ, ಯಾರಿಗೆ ಬರುವುದೆಂದು ತಿಳಿಯದಿರುವಾಗಲೇ, ಅದನ್ನು ಸಂಗ್ರಹಿಸಿಟ್ಟಿರಬೇಕು.

ರೋಗವಿಲ್ಲದವರ ಸ್ವಾಸ್ಥ್ಯವನ್ನೂ ಶಾಸನವು ಮರೆತಿಲ್ಲ. ನಿಲಯದ ವಿದ್ಯಾರ್ಥಿಗಳಿಗೆ ಮಲಗಲು ಚಾಪೆ, ಓದಲು ದೀಪ, ಶನಿವಾರಗಳಲ್ಲಿ ಅಭ್ಯಂಗಸ್ನಾನಕ್ಕೆ ಎಣ್ಣೆ, ಇವುಗಳನ್ನು ಸಹ ವಿಧಿಸಿದೆ. ಸ್ವಸ್ಥನ ಸ್ವಾಸ್ಥ್ಯರಕ್ಷಣೆ, ಆತುರನ ರೋಗಶಮನ ಎಂದು ಆಯುರ್ವೇದವು ಹೇಳುವ ಎರಡು ಪ್ರಯೋಜನಗಳೂ ಇಲ್ಲಿ ಲೆಕ್ಕಪತ್ರದ ಭಾಷೆಯಲ್ಲಿ ನಿಂತಿವೆ. ಪ್ರಶಂಸೆಯ ಒಂದು ಮಾತೂ ಬೇಡದೆ ನಾಲ್ಕು ಪಾದಗಳೂ ಪೂರ್ಣವಾಗಿವೆ.

ಆದರೂ ಈ ಶಾಸನದ ಮಿತಿಯನ್ನು ಮರೆಮಾಚಕೂಡದು. ಆತುರಶಾಲೆಯು ಪಾಠಶಾಲೆಯವರಿಗೂ ದೇವಾಲಯದ ಪರಿಚಾರಕರಿಗೂ ಏರ್ಪಟ್ಟುದು. ಸರ್ವಜನರಿಗೂ ತೆರೆದಿದ್ದ ಆಸ್ಪತ್ರೆಯೆಂದು ವರ್ಣಿಸುವುದು ಸರಿಯಲ್ಲ. ಪಾಠಶಾಲೆಯಾದರೂ ವೇದಾಧಿಕಾರವುಳ್ಳವರಿಗೆ ಮಾತ್ರ ಮೀಸಲು. ದತ್ತಿಯನ್ನು ಬರೆಯಿಸಿದುದು ಕಲ್ಲಿನಿಂದ ತಿಳಿಯುತ್ತದೆಯೇ ಹೊರತು, ಎಷ್ಟು ಕಾಲ ನಡೆಯಿತೆಂಬುದು ತಿಳಿಯುವುದಿಲ್ಲ.

೩. ಪ್ರೌಢರ ವಿಷಯ

ಇಂದಿನ ಸಂಶೋಧಕನಿಗೆ ಸರಿದೂಗುವ ಪ್ರೌಢವರ್ಗವು ಆಗ ಇದ್ದಿತೇ ಎಂದು ಕೇಳಬಹುದು. ಸರಿಸಮಾನವಾದುದು ಇರಲಿಲ್ಲ. ಆದರೆ ತಾರತಮ್ಯವನ್ನು ಅರಿತಿದ್ದರು. ರಾಜೇಂದ್ರಚೋಳನ ಕಾಲದ ಎಣ್ಣಾಯಿರದ ಶಾಸನದಲ್ಲಿ ೨೭೦ ಮಂದಿ ಕಿರಿಯ ವಿದ್ಯಾರ್ಥಿಗಳಿಗೆ ದಿನಕ್ಕೆ ತಲಾ ೬ ನಾಳಿ ಭತ್ತ. ವ್ಯಾಕರಣ, ಪ್ರಾಭಾಕರ, ವೇದಾಂತಗಳನ್ನು ಓದುತ್ತಿದ್ದ ೭೦ ಮಂದಿ ಹಿರಿಯರಿಗೆ ೧೦ ನಾಳಿ. ವಿದ್ಯೆಯು ಏರಿದಂತೆ ದೇಹಪೋಷಣೆಯ ಹೊಣೆಯೂ ಏರಬೇಕೆಂಬುದೇ ಇದರ ತಾತ್ಪರ್ಯ. ಆಂಧ್ರದೇಶದ ಮಲ್ಕಾಪುರದ ಕ್ರಿ. ಶ. ೧೨೬೧ರ ಶಾಸನವು ಇನ್ನೊಂದು ಹೆಜ್ಜೆ ಮುಂದಿದೆ. ವಿಶ್ವೇಶ್ವರಶಂಭುವು ದತ್ತಿಯ ಆದಾಯವನ್ನು ಮೂರು ಪಾಲು ಮಾಡಿ, ಒಂದನ್ನು ದೇವರಿಗೆ, ಒಂದನ್ನು ಮಠಕ್ಕೂ ವಿದ್ಯಾರ್ಥಿಗಳಿಗೂ, ಒಂದನ್ನು ಪ್ರಸೂತಿಶಾಲೆ, ಆರೋಗ್ಯಶಾಲೆ, ಅನ್ನಸತ್ರಗಳಿಗೆ ಮೀಸಲಿಟ್ಟನು. ಆರೋಗ್ಯದ ವೆಚ್ಚವು ವಿದ್ಯೆಯ ವೆಚ್ಚದಲ್ಲಿ ಉಳಿದುದರಿಂದ ನಡೆಯತಕ್ಕದ್ದಲ್ಲ. ಅದಕ್ಕೆ ತನ್ನದೇ ಆದ ಪಾಲುಂಟು.

೪. ಇಂದಿನ ಶಾಸನ

ಇಂದಿನ ದತ್ತಿಶಾಸನವೆಂದರೆ ಸರ್ಕಾರದ ಜ್ಞಾಪನಪತ್ರ. ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ರಿಸರ್ಚ್ ಅಸೋಸಿಯೇಟರ ಮಾಸಿಕ ವೇತನವನ್ನು ೨೦೨೩ರ ಜನವರಿ ೧ರಿಂದ ಅನ್ವಯವಾಗುವಂತೆ ಮೂರು ದರ್ಜೆಗಳಲ್ಲಿ ೫೮,೦೦೦, ೬೧,೦೦೦, ೬೭,೦೦೦ ರೂಪಾಯಿಗಳಿಗೆ ಏರಿಸಿತು. ಇದು ಶುದ್ಧವಾದ ವಿಧಿ, ಸಂಖ್ಯೆಯುಂಟು, ದಿನಾಂಕವುಂಟು. ಇತರ ಸೌಕರ್ಯಗಳನ್ನು ವಿವರಿಸುವ ೨೦೧೯ರ ಪತ್ರದಲ್ಲಿ ಮನೆಬಾಡಿಗೆಯು ಕೇಂದ್ರಸರ್ಕಾರದ ನಿಯಮದಂತೆ, ಹೆರಿಗೆಯ ರಜೆಯು ಭಾರತ ಸರ್ಕಾರದ ಆಜ್ಞೆಯಂತೆ ಎಂದಿದೆ. ವೈದ್ಯಕೀಯ ಸೌಲಭ್ಯವಾದರೋ, ಆಯಾ ಸಂಸ್ಥೆಯಲ್ಲಿ ಜಾರಿಯಲ್ಲಿರುವಂತೆ ಎಂದಿದೆ.

ಮೀಮಾಂಸಕರು ಇದನ್ನು ಅತಿದೇಶವೆನ್ನುವರು. ದರ್ಶಪೂರ್ಣಮಾಸದಲ್ಲಿ ಪೂರ್ಣವಾಗಿ ಹೇಳಿದ ಅಂಗಗಳು ಅದರ ವಿಕೃತಿಯಾದ ಬೇರೆ ಇಷ್ಟಿಗಳಿಗೆ ಬಂದು ಸೇರುವಂತೆ, ಒಂದೆಡೆ ಹೇಳಿದುದು ಇನ್ನೊಂದೆಡೆಗೆ ಸಲ್ಲುವುದು. ಅತಿದೇಶವು ದೋಷವಲ್ಲ, ಮನೆಬಾಡಿಗೆಯೂ ಹೆರಿಗೆಯ ರಜೆಯೂ ಅತಿದೇಶದಿಂದಲೇ ಬಂದಿವೆ. ಆದರೆ ಅವೆರಡಕ್ಕೂ ನಿಶ್ಚಿತವಾದ ಪ್ರಕೃತಿಯುಂಟು; ಚಿಕಿತ್ಸೆಗೆ ಪ್ರಕೃತಿಯು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಪ್ರಕೃತಿಯಲ್ಲಿಯೇ ಅಂಗವಿಲ್ಲದಿದ್ದರೆ ವಿಕೃತಿಗೆ ಬರುವುದೇನು? ಸಂಸ್ಥೆಯಲ್ಲಿ ಅಂಥ ಏರ್ಪಾಡೇ ಇಲ್ಲದಿದ್ದರೆ ವಾಕ್ಯವು ಸುಳ್ಳಾಗುವುದಿಲ್ಲ. ಸಂಶೋಧಕನಿಗೆ ಏನೂ ದೊರೆಯುವುದೂ ಇಲ್ಲ. ಸಮಾನವಾದ ವೇತನವನ್ನು ಪಡೆಯುವ ಇಬ್ಬರು ವಿದ್ವಾಂಸರಲ್ಲಿ ಒಬ್ಬನಿಗೆ ಆಸ್ಪತ್ರೆಯೂ ಇನ್ನೊಬ್ಬನಿಗೆ ಸಾಲವೂ ಲಭಿಸಬಹುದು.

ಸಂಸ್ಥೆಗಳು ನಾನಾಬಗೆಯವಾದುದರಿಂದ ಒಂದೇ ಅಳತೆಯು ಹೊಂದದೆಂದು ಆಕ್ಷೇಪಿಸಬಹುದು. ಹೆಚ್ಚು ಕೊಡಲು ಶಕ್ತವಾದುದು ಕೊಡಲಿ. ಆದರೆ ಕಡಮೆಯ ಮೇರೆಯೊಂದನ್ನು ವಿಧಿಸುವುದಕ್ಕೆ ಅದರಿಂದ ಬಾಧೆಯಿಲ್ಲ. ವೇತನದ ಸಂಖ್ಯೆಯನ್ನು ಸಂಸ್ಥೆಗಳ ವೈವಿಧ್ಯವು ತಡೆಯಲಿಲ್ಲವಷ್ಟೆ.

ಪರದೇಶದ ನಿದರ್ಶನವೊಂದು ಇಲ್ಲಿ ಉಪಯುಕ್ತ. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಈ ವರ್ಗದ ಸಂಶೋಧಕರು ಸಂಘವನ್ನು ಕಟ್ಟಿ ೨೦೧೦ರಲ್ಲಿ ಮೊದಲನೆಯ ಒಪ್ಪಂದವನ್ನು ಮಾಡಿಕೊಂಡರು. ಆರೋಗ್ಯವಿಮೆಯೂ ಒಪ್ಪಂದದ ವಿಷಯವಾಯಿತು. ೨೦೨೨ರ ಕೊನೆಯಲ್ಲಿ ಮುಷ್ಕರವೂ ನಡೆಯಿತು. ದತ್ತಿಶಾಸನದಲ್ಲಿ ಪಡೆಯುವವನು ಮೂಕ. ಒಪ್ಪಂದದಲ್ಲಿ ಅವನೂ ವಾಕ್ಯದ ಕರ್ತೃ. ಈ ಒಂದು ಗುಣವು ತಿರುಮುಕ್ಕೂಡಲಿನ ಶಾಸನದಲ್ಲಿಯೂ ಇಲ್ಲ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಪ್ರಾಚೀನರಲ್ಲಿ ಎಲ್ಲವೂ ಇದ್ದಿತೆಂಬ ಮಾತು ನಿಲ್ಲದು; ಏನೂ ಇರಲಿಲ್ಲವೆಂಬುದೂ ನಿಲ್ಲದು. ಅವರಲ್ಲಿ ಇದ್ದುದು, ಇರುವಲ್ಲಿ, ಅಳತೆಯಿಂದ ಬರೆದಿಡುವ ಶ್ರದ್ಧೆ. ಈ ಶ್ರದ್ಧೆಯನ್ನು ಹೊಗಳಿ ಬಿಡುವುದರಿಂದ ಫಲವಿಲ್ಲ. ಸಂಶೋಧಕನ ನೇಮಕಪತ್ರದಲ್ಲಿ ವೇತನದ ಸಂಖ್ಯೆಯ ಕೆಳಗೆ ಇನ್ನೂ ನಾಲ್ಕು ಸಾಲುಗಳು ಬೇಕು: ಚಿಕಿತ್ಸೆ ಎಲ್ಲಿ, ಯಾವ ಮಿತಿಯವರೆಗೆ, ಯಾವ ನಿಧಿಯಿಂದ, ಅವನ ಕುಟುಂಬದಲ್ಲಿ ಯಾರಿಗೆಲ್ಲ ಸಲ್ಲತಕ್ಕದ್ದು. ಅವು ಬರುವವರೆಗೆ ಆ ಪತ್ರದ ವೈದ್ಯಕೀಯವಾಕ್ಯವನ್ನು ವಿಧಿಯೆಂದು ಎಣಿಸುವುದಕ್ಕೆ ಆಧಾರವಿಲ್ಲ.