ಆಲಿಕೆಯ ಪರಂಪರೆ: ಧಾರವಾಡ ಸೀಮೆಯ ಗ್ರಾಮಫೋನ್ ತಟ್ಟೆಗಳನ್ನು ಕುರಿತು

ಕರ್ನಾಟಕದ ಸಂಗೀತ ಚರಿತ್ರೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಗಾಯಕರ ಚರಿತ್ರೆಗಳು. ಗುರು, ಘರಾಣೆ, ಆಸ್ಥಾನ, ಪ್ರಶಸ್ತಿ ಎಂಬ ನಾಲ್ಕು ಕಂಬಗಳ ಮೇಲೆ ಅವು ನಿಂತಿವೆ. ಹಾಡಿದ್ದನ್ನು ಯಾರು, ಎಲ್ಲಿ, ಯಾರ ಜೊತೆಗೆ ಕುಳಿತು ಕೇಳಿದರು ಎಂಬ ಪ್ರಶ್ನೆ ಅವುಗಳಲ್ಲಿ ಅಷ್ಟಾಗಿ ಏಳುವುದಿಲ್ಲ. ಹುಬ್ಬಳ್ಳಿ-ಧಾರವಾಡ-ಗದಗ ಪ್ರದೇಶದ ಹಿಂದೂಸ್ತಾನಿ ಸಂಗೀತದ ಹಳೆಯ ಗ್ರಾಮಫೋನ್ ತಟ್ಟೆಗಳನ್ನು, ಅದರಲ್ಲೂ ಹೆಚ್ಚು ಪ್ರಚಾರದಲ್ಲಿಲ್ಲದವುಗಳನ್ನು, ದಿನನಿತ್ಯ ಕೂಡಿ ಕೇಳುವ ರೂಢಿಯನ್ನು ಒಂದು ಮೌಖಿಕ ಪರಂಪರೆಯಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನ ಮುದ್ರಣಗೊಂಡಿತು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಕೂಗಿ ಹೇಳುವ ತಟ್ಟೆಗಳು ಪ್ರಸಿದ್ಧವಾಗಿವೆ. ಅದೇ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಅಲ್ಲಿಯೇ ನಿಧನರಾದರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ತಟ್ಟೆಗಳ ತಯಾರಿಕೆ ಆರಂಭವಾದ ಮೇಲೆ ಈ ಮಾಧ್ಯಮ ಸಣ್ಣ ಊರುಗಳನ್ನೂ ತಲುಪಿತು. ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷಗಳ ಸಂಗೀತ ಮಾತ್ರ. ಗಂಟೆಗಟ್ಟಲೆ ಬೆಳೆಸುವ ಖಯಾಲನ್ನು ಈ ಅವಧಿಗೆ ಇಳಿಸಬೇಕಾದುದರಿಂದ ಶಾಸ್ತ್ರೀಯ ಸಂಗೀತವು ಕುಬ್ಜವಾಯಿತೆಂಬ ಆಕ್ಷೇಪ ನಮ್ಮ ವಿಮರ್ಶೆಯಲ್ಲಿ ರೂಢಮೂಲವಾಗಿದೆ.

ಈ ಆಕ್ಷೇಪ ಪೂರ್ಣ ಸುಳ್ಳಲ್ಲ. ಆದರೆ ಅದು ಹಾಡುವವರ ಕಡೆಯಿಂದ ಮಾತ್ರ ನೋಡಿದ ಮಾತು. ಕಛೇರಿಯ ಗಾಯನ ಆ ಕ್ಷಣಕ್ಕೆ ಮುಗಿಯುತ್ತದೆ. ತಟ್ಟೆಯ ಮೂರು ನಿಮಿಷಗಳನ್ನು ಕೇಳುಗನು ನೂರು ಸಲ ಕೇಳಬಲ್ಲ. ಪುನರಾವರ್ತನೆ ಮೌಖಿಕ ಪರಂಪರೆಯ ಜೀವಾಳವೆಂಬುದನ್ನು ಜಾನಪದ ವಿದ್ವಾಂಸರಿಗೆ ಹೇಳಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲ್ಯದಲ್ಲಿಯೇ ಹಿರಿಯ ಗಾಯಕರ ತಟ್ಟೆಗಳನ್ನು ಕೇಳಿ ಅವರಂತೆಯೇ ಹಾಡಿ ಬೆರಗುಗೊಳಿಸಿದರು. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿ, ಗುರುವನ್ನು ಅರಸುತ್ತ ಮನೆ ಬಿಟ್ಟರೆಂಬ ಕಥೆ ಈ ಭಾಗದಲ್ಲಿ ಎಲ್ಲರ ಬಾಯಲ್ಲಿದೆ. ಒಂದು ನಿರೂಪಣೆಯಲ್ಲಿ ಅದು ಚಹಾದಂಗಡಿಯಾದರೆ ಇನ್ನೊಂದರಲ್ಲಿ ತಟ್ಟೆ ಮಾರುವ ಅಂಗಡಿ. ಈ ಪಾಠಾಂತರಗಳಲ್ಲಿ ಯಾವುದು ನಿಜವೆಂಬ ಪ್ರಶ್ನೆಗಿಂತ, ಎಲ್ಲ ಪಾಠಗಳಲ್ಲಿಯೂ ಗುರುವಿನ ಸ್ಥಾನದಲ್ಲಿ ಮೊದಲು ಕಾಣುವುದು ಬೀದಿಯ ಬದಿಯ ಯಂತ್ರ ಎಂಬುದು ಮುಖ್ಯ. ಗುರುಪರಂಪರೆಯ ಮಗ್ಗುಲಲ್ಲಿ ಕಿವಿಯ ಪರಂಪರೆಯೊಂದು ಬೆಳೆದುದನ್ನು ಈ ಕಥೆ ಒಪ್ಪಿಕೊಂಡಿದೆ. ನಮ್ಮ ಚರಿತ್ರೆಕಾರರು ಇನ್ನೂ ಒಪ್ಪಿಲ್ಲ.

ಕಡಿಮೆ ಪರಿಚಿತ ತಟ್ಟೆಗಳ ಮಹತ್ವ ಇನ್ನೊಂದು ನೆಲೆಯಲ್ಲಿಯೂ ಇದೆ. ಅವು ಪ್ರಸಿದ್ಧ ಚಿತ್ರಗಳನ್ನು ತಿದ್ದುತ್ತವೆ. ಗಂಗೂಬಾಯಿ ಹಾನಗಲ್ ಎಂದೊಡನೆ ನೆನಪಾಗುವುದು ಗಂಡುಕಂಠವನ್ನು ಹೋಲುವ ಗಂಭೀರ ಧ್ವನಿ. ಆದರೆ 1930ರ ದಶಕದಲ್ಲಿ ‘ಹುಬ್ಬಳ್ಳಿಯ ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದ ತಟ್ಟೆಗಳಲ್ಲಿರುವುದು ಎತ್ತರದ ಶ್ರುತಿಯ ತೆಳು ಕಂಠ. ಗಂಟಲಿನ ಚಿಕಿತ್ಸೆಯ ಅನಂತರ ಬದಲಾದ ಧ್ವನಿಯನ್ನು ಅವರು ಹೇಗೆ ತಮ್ಮದನ್ನಾಗಿ ಮಾಡಿಕೊಂಡರು ಎಂಬುದರ ಅಳತೆ ಈ ತಟ್ಟೆಗಳನ್ನು ಕೇಳಿದವರಿಗೆ ಮಾತ್ರ ಸಿಗುತ್ತದೆ. ಹಾಗೆಯೇ ಮಲ್ಲಿಕಾರ್ಜುನ ಮನಸೂರರನ್ನು ನಾವು ಜಯಪುರ ಘರಾಣೆಯ ಅಪರೂಪದ ರಾಗಗಳ ಗಾಯಕರೆಂದು ಬಲ್ಲೆವು. ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತ ತರುಣ ಮನಸೂರರ ವೇಗವೂ ಹುರುಪೂ ಆರಂಭಕಾಲದ ತಟ್ಟೆಗಳಲ್ಲಿ ಉಳಿದಿವೆ. ಕುಂದಗೋಳದ ಸವಾಯಿ ಗಂಧರ್ವರು (1886-1952) ಇಂದು ಬಹುಜನರಿಗೆ ಭೀಮಸೇನ ಜೋಶಿಯವರ ಗುರುವಾಗಿ ಮಾತ್ರ ಪರಿಚಿತರು. ಅವರನ್ನು ಗಾಯಕರಾಗಿಯೇ ಭೇಟಿಯಾಗಲು ನಮಗಿರುವ ದಾರಿ ಈ ತಟ್ಟೆಗಳೇ.

ಇಂತಹ ತಟ್ಟೆಗಳನ್ನು ಕೂಡಿ ಕೇಳುವ ಮನೆಯೊಂದಕ್ಕೆ ಹಲವು ವರ್ಷಗಳ ಹಿಂದೆ ಕ್ಷೇತ್ರಕಾರ್ಯದ ನಿಮಿತ್ತ ಧಾರವಾಡದಲ್ಲಿ ಹೋಗುತ್ತಿದ್ದೆ. ಸಂಜೆಯ ಚಹಾದ ಹೊತ್ತಿಗೆ ನಾಲ್ಕಾರು ಹಿರಿಯರು ಸೇರುತ್ತಿದ್ದರು. ಒಂದು ದಿನಕ್ಕೆ ಒಂದೇ ತಟ್ಟೆ. ಅವರ ಬಾಯಲ್ಲಿ ಅದು ‘ಪ್ಲೇಟು’. ಮೂರು ನಿಮಿಷ ಕೇಳಿ, ಅರ್ಧ ಗಂಟೆ ಮಾತಾಡಿ, ಮತ್ತೊಮ್ಮೆ ಕೇಳುತ್ತಿದ್ದರು. ಕೊನೆಯ ತಾನು ಅವಸರದ್ದೇಕೆ, ಸಾಥಿಗೆ ಕುಳಿತ ಸಾರಂಗಿಯವನು ಎಲ್ಲಿ ತಡವರಿಸಿದ, ಇದೇ ಚೀಜನ್ನು ಯಾವ ಜಾತ್ರೆಯ ಬೈಠಕ್ಕಿನಲ್ಲಿ ಹೇಗೆ ಹಾಡಿದ್ದರು, ಈ ತಟ್ಟೆ ಯಾರ ಮದುವೆಯಲ್ಲಿ ಉಡುಗೊರೆಯಾಗಿ ಬಂತು ಎಂಬೆಲ್ಲ ಮಾತುಗಳು ಅಲ್ಲಿ ಬರುತ್ತಿದ್ದವು. ಒಳಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮನೆಯ ಹಿರಿಯ ಹೆಣ್ಣುಮಗಳು ಒಮ್ಮೊಮ್ಮೆ ರಾಗದ ಹೆಸರನ್ನು ತಿದ್ದುತ್ತಿದ್ದುದೂ ಉಂಟು.

ನಾನು ಅಲ್ಲಿ ಮಾಡಿದ ತಪ್ಪನ್ನು ಇಲ್ಲಿ ದಾಖಲಿಸಬೇಕು. ತಟ್ಟೆ ತಿರುಗುವಾಗ ನನ್ನ ಧ್ವನಿಮುದ್ರಣ ಯಂತ್ರವನ್ನು ನಡೆಸಿ, ಮಾತು ಆರಂಭವಾದೊಡನೆ ನಿಲ್ಲಿಸುತ್ತಿದ್ದೆ. ಕ್ಯಾಸೆಟ್ ಉಳಿಸುವ ಚಿಂತೆ ಒಂದು. ಸಂಗೀತವೇ ಪಠ್ಯ, ಮಾತು ಗದ್ದಲ ಎಂಬ ನಂಬಿಕೆ ಇನ್ನೊಂದು. ಆ ತಟ್ಟೆಗಳ ಪ್ರತಿಗಳು ಇಂದು ಬೇರೆ ಸಂಗ್ರಾಹಕರಲ್ಲಿಯೂ ದೊರೆಯುತ್ತವೆ. ಆ ಮಾತುಗಳು ಎಲ್ಲಿಯೂ ದೊರೆಯುವುದಿಲ್ಲ. ಆಡಿದವರಲ್ಲಿ ಯಾರೂ ಈಗಿಲ್ಲ. ಪಠ್ಯದೊಡನೆ ಸಂದರ್ಭವನ್ನೂ ದಾಖಲಿಸಬೇಕೆಂಬ ಅಲನ್ ಡಂಡೆಸ್ ಅವರ 1964ರ ಪ್ರತಿಪಾದನೆಯನ್ನು ಪಾಠ ಹೇಳುತ್ತಿದ್ದವನೇ, ‘ಶಿಷ್ಟ’ ಎಂದು ಹೆಸರಿಟ್ಟ ಸಂಗೀತದ ಎದುರು ಅದನ್ನು ಮರೆತಿದ್ದೆ. ಲಾವಣಿ ಹಾಡುವವರ ಸುತ್ತ ಕುಳಿತವರನ್ನು ಗುರುತಿಸುವ ನಾವು ಖಯಾಲಿನ ಸುತ್ತ ಕುಳಿತವರನ್ನು ಗುರುತಿಸುವುದಿಲ್ಲ. ಶಿಷ್ಟ-ಜಾನಪದ ಎಂಬ ಗೆರೆ ಸಂಗೀತಕ್ಕಿಂತ ಹೆಚ್ಚಾಗಿ ನಮ್ಮ ವಿಧಾನದಲ್ಲಿಯೇ ಇದೆ.

ಈ ಮಾತುಗಳಿಲ್ಲದ ತಟ್ಟೆಗೆ ಏನಾಗುತ್ತದೆ ಎಂಬುದನ್ನು ಇಂದಿನ ಗಣಕೀಕೃತ ಪ್ರತಿಗಳು ತೋರಿಸುತ್ತವೆ. ಮೊಬೈಲಿನಿಂದ ಮೊಬೈಲಿಗೆ ಸಾಗುವಾಗ ಲೇಬಲ್ಲು, ಕ್ರಮಸಂಖ್ಯೆ, ಸಾಥಿದಾರರ ಹೆಸರು ಒಂದೊಂದಾಗಿ ಕಳಚುತ್ತವೆ. ಶ್ರುತಿಯ ಸಮಸ್ಯೆ ಇದಕ್ಕಿಂತ ಸೂಕ್ಷ್ಮ. ಆರಂಭಕಾಲದ ತಟ್ಟೆಗಳೆಲ್ಲ ನಿಮಿಷಕ್ಕೆ 78 ಸುತ್ತುಗಳ ವೇಗದಲ್ಲಿಯೇ ಮುದ್ರಿತವಾದವುಗಳಲ್ಲ. 74 ಸುತ್ತುಗಳಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಶೇಕಡ 5ಕ್ಕೂ ಮಿಕ್ಕಿ ಏರುತ್ತದೆ. ಇದು ಹೆಚ್ಚು ಕಡಿಮೆ ಒಂದು ಸ್ವರಸ್ಥಾನದಷ್ಟು ಅಂತರ. ಲಯವೂ ಅದೇ ಪ್ರಮಾಣದಲ್ಲಿ ಚುರುಕಾಗುತ್ತದೆ. ಆದ್ದರಿಂದ ಒಂದು ಕಂಠ ಎಷ್ಟು ತೆಳು, ಒಂದು ತಾನು ಎಷ್ಟು ಅವಸರದ್ದು ಎಂದು ತೀರ್ಮಾನಿಸುವ ಮುನ್ನ ವೇಗವನ್ನು ಪರೀಕ್ಷಿಸಬೇಕಾಗುತ್ತದೆ. ಮೇಲೆ ಹೇಳಿದ ಗಾಂಧಾರಿಯ ತಟ್ಟೆಗಳಿಗೂ ಈ ಎಚ್ಚರ ಅನ್ವಯಿಸುತ್ತದೆ. ಆ ಗಾಯಕರನ್ನು ಎದುರಿಗೆ ಕೇಳಿದ್ದ ಹಿರಿಯರು ಇದು ಅವರ ಪಟ್ಟಿಯಲ್ಲವೆಂದು ಹೇಳಿ ಯಂತ್ರದ ವೇಗವನ್ನು ಸರಿಪಡಿಸುತ್ತಿದ್ದರು. ಅದು ಗ್ರಂಥಸಂಪಾದನೆಯ ಕೆಲಸವೇ, ನಡೆಯುತ್ತಿದ್ದುದು ಕಿವಿಯಿಂದ.

ಈ ಕೇಳುಗರನ್ನು ವೈಭವೀಕರಿಸುವ ಅಗತ್ಯವಿಲ್ಲ. ಅವರ ನೆನಪುಗಳಲ್ಲಿ ತಪ್ಪುಗಳಿದ್ದವು. ತಮ್ಮ ಮೆಚ್ಚಿನ ಗಾಯಕರ ಕುರಿತು ಪಕ್ಷಪಾತವಿತ್ತು. ತಟ್ಟೆಯನ್ನು ಕೊಳ್ಳಬಲ್ಲವರು ಕೆಲವರೇ ಆಗಿದ್ದರು. ಯಂತ್ರ ಹೋಟೆಲಿಗೆ ಬಂದ ಮಾತ್ರಕ್ಕೆ ಒಳಗೆ ಎಲ್ಲರಿಗೂ ಸ್ಥಳವಿತ್ತೆಂದು ಹೇಳಲಾಗದು. ಹೊರಗೆ ರಸ್ತೆಯಲ್ಲಿ ನಿಂತು ಕೇಳಿದವರ ಆಲಿಕೆಯೂ ಈ ಪರಂಪರೆಯ ಭಾಗವೇ. ಅದರ ದಾಖಲೆ ಇನ್ನೂ ವಿರಳ. ತಪ್ಪು ನೆನಪನ್ನೂ ಪಕ್ಷಪಾತವನ್ನೂ ಸಾಮಗ್ರಿಯಾಗಿ ಓದುವ ವಿಧಾನ ಜಾನಪದ ಅಧ್ಯಯನಕ್ಕೆ ಸಿದ್ಧಿಸಿದೆ. ಅದನ್ನು ಇಲ್ಲಿ ಬಳಸಬೇಕಾಗಿದೆ.

ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ಅನಂತರ 60 ವರ್ಷಗಳವರೆಗೆ ಇರುತ್ತದೆ. ಇಲ್ಲಿ ಚರ್ಚಿಸಿದ, 1930ರ ದಶಕದ ತಟ್ಟೆಗಳು ಆ ಅವಧಿಯನ್ನು ದಾಟಿವೆ. ಅವುಗಳನ್ನು ಹಂಚಿಕೊಳ್ಳಲು ಈ ಹಕ್ಕಿನ ಅಡ್ಡಿಯಿಲ್ಲ. ಸಾರ್ವಜನಿಕ ಸಂಸ್ಥೆಗಳು ಸಂಗ್ರಹ ಕಾರ್ಯಕ್ಕೆ ತೊಡಗುವುದಾದರೆ ಪ್ರತಿ ತಟ್ಟೆಯ ಲೇಬಲ್ಲು, ಸಂಖ್ಯೆ, ವೇಗಗಳ ಜೊತೆಗೆ ಅದನ್ನು ಇಟ್ಟುಕೊಂಡು ಕೇಳಿದ ಮನೆಯವರ ಮಾತನ್ನೂ ಧ್ವನಿಮುದ್ರಿಸಿ ಸೂಚಿಗೆ ಸೇರಿಸಬೇಕು. ತಟ್ಟೆಗಳು ಇನ್ನಷ್ಟು ಕಾಲ ಕಪಾಟಿನಲ್ಲಿ ಉಳಿದಾವು. ಅವುಗಳನ್ನು ಕೇಳಿ ಬೆಳೆದವರು ಎಂಬತ್ತು-ತೊಂಬತ್ತರ ವಯಸ್ಸಿನಲ್ಲಿದ್ದಾರೆ. ಯಾವುದನ್ನು ಮೊದಲು ದಾಖಲಿಸಬೇಕು ಎಂಬುದಕ್ಕೆ ಬೇರೆ ಚರ್ಚೆ ಬೇಕಾಗಿಲ್ಲ.